ಬರೆದಷ್ಟನ್ನೇ ಮಾಡುವವರು ಬೇಕಾಗಿದ್ದಾರೆ

ನಿವೃತ್ತಿಯಾದ ಮೇಲೆ ನಾನು ಜನರ ಮುಂದೆ ಇಟ್ಟ ಬೇಡಿಕೆ ಒಂದೇ: ನಾನು ಬರೆದದ್ದರಲ್ಲಿ ತಪ್ಪು ಹುಡುಕಿಕೊಡಿ. ಇದೇನು ದೊಡ್ಡ ಬೇಡಿಕೆಯಲ್ಲ. ನಮ್ಮ ಕಡೆ ಇನ್ನೊಬ್ಬರ ಮನೆಯ ಹೋಳಿಗೆಯಲ್ಲಿ, ಇನ್ನೊಬ್ಬರು ಕಟ್ಟಿಸಿದ ಮನೆಯ ಬಾಗಿಲಲ್ಲಿ, ಇನ್ನೊಬ್ಬರ ಸೊಸೆಯ ನಡಿಗೆಯಲ್ಲಿ ತಪ್ಪು ಹುಡುಕುವುದಕ್ಕೆ ಯಾರಿಗೂ ಕೈಮುಗಿದು ಕೇಳಿಕೊಳ್ಳಬೇಕಾಗಿಲ್ಲ. ನನ್ನ ಬರಹಕ್ಕೆ ಮಾತ್ರ ಅಂಥ ಒಬ್ಬ ಪುಣ್ಯಾತ್ಮ ಸಿಗದೆ ಒಂದು ವರ್ಷದ ಮಾರ್ಚಿನಲ್ಲಿ ನಾನು ಮೂರು ಊರು ಅಲೆದೆ.

ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ನಮ್ಮಲ್ಲಿ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತಾರೆ. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೂ ಓಣಿಯವರಿಗೆಲ್ಲ ನಾನು ಅಕ್ಕೋರೇ. ಆದರೆ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ತಿಕೋಟಾದಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಮುಕ್ತ ತಂತ್ರಾಂಶದ ವಿಷಯ ಹೇಳಿದಾಗ, ಹಿಂದೆ ಮುಂದೆ ನೋಡದೆ ಅದಕ್ಕೆ ತಲೆ ಕೊಟ್ಟೆ. ಮುಕ್ತ ತಂತ್ರಾಂಶವೆಂದರೆ ಬೇರೆ ಬೇರೆ ಊರುಗಳ ಜನ ಕೂಡಿ ಬರೆದು, ಬೇಕಾದವರು ಬಳಸಿಕೊಳ್ಳಿ, ತಿದ್ದಿಕೊಳ್ಳಿ ಎಂದು ಎಲ್ಲರಿಗೂ ಬಿಟ್ಟುಕೊಟ್ಟ ಕಂಪ್ಯೂಟರ್ ಕೆಲಸ. ಈ ತಂತ್ರಾಂಶ ಅಂಗೈಯಗಲದ ಒಂದು ಪೆಟ್ಟಿಗೆಯಲ್ಲಿ ಕುಳಿತು, ಒಣದ್ರಾಕ್ಷಿ ಮಾಡುವ ಶೆಡ್ಡಿನ ಗಾಳಿಯಲ್ಲಿ ತೇವ ಎಷ್ಟಿದೆ ಎಂದು ನೋಡುತ್ತಿರುತ್ತದೆ. ತೇವ ಏರಿದರೆ ಫೋನಿಗೆ ಸುದ್ದಿ ಮುಟ್ಟಿಸುತ್ತದೆ.

ಒಣದ್ರಾಕ್ಷಿಗೆ ಇಲ್ಲಿಯವರು ಮಣೂಕ ಅನ್ನುತ್ತಾರೆ. ದ್ರಾಕ್ಷಿ ಕೊಯ್ದು, ಶೆಡ್ಡಿನಲ್ಲಿ ಹಂತ ಹಂತವಾಗಿ ಕಟ್ಟಿದ ಬಲೆಗಳ ಮೇಲೆ ಹರವಿದರೆ ಒಣಗಲು ಹದಿನೈದು ಇಪ್ಪತ್ತು ದಿನ ಬೇಕು. ಶೆಡ್ಡಿಗೆ ಮೇಲೆ ತಗಡು ಇರುತ್ತದೆ, ಬದಿಗೆ ಗೋಡೆ ಇರುವುದಿಲ್ಲ, ಗಾಳಿ ಆಡಬೇಕಲ್ಲ. ಅಕಾಲದ ಮಳೆ ಬಂದರೆ ಓಡಿಹೋಗಿ ನಾಲ್ಕೂ ಬದಿಗೆ ತಾಡಪತ್ರಿ, ಅಂದರೆ ಟಾರ್ಪಾಲಿನ ಹೊದಿಕೆ, ಇಳಿಸಬೇಕು. ಹತ್ತು ನಿಮಿಷ ತಡವಾದರೆ ಬಂಗಾರದ ಬಣ್ಣದ ಮಣೂಕ ಕಪ್ಪಾಗಿ, ವರ್ಷದ ದುಡಿಮೆ ಕಣ್ಣ ಮುಂದೆಯೇ ಕೆಡುತ್ತದೆ.

ಈ ಪೆಟ್ಟಿಗೆಯ ಕನ್ನಡ ಕೈಪಿಡಿ ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ. ಪುಸ್ತಕವೇನಲ್ಲ, ಅಂತರ್ಜಾಲದ ಪುಟಗಳು. ಪೆಟ್ಟಿಗೆ ಎಲ್ಲಿ ತೂಗುಹಾಕಬೇಕು, ಹೇಗೆ ಚಾಲೂ ಮಾಡಬೇಕು, ದೀಪ ಕೆಂಪಾದರೆ ಏನರ್ಥ ಎಂದು ಹೆಜ್ಜೆ ಹೆಜ್ಜೆಯಾಗಿ ಬರೆಯಬೇಕು. ನಮ್ಮ ಗುಂಪಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಕೈಪಿಡಿಯಲ್ಲಿ ಒಂದು ಸಾಲು ಬದಲಾದರೂ ಅದು ಮೊದಲು ಕರಡು ಪುಟವಾಗಿಯೇ ಇರಬೇಕು. ಬರೆದವರನ್ನು ಬಿಟ್ಟು ಇನ್ನಿಬ್ಬರು ಆ ಪುಟ ಓದುತ್ತ, ಅದರಲ್ಲಿ ಬರೆದಷ್ಟನ್ನೇ ಮಾಡುತ್ತ, ನಿಜವಾದ ಪೆಟ್ಟಿಗೆಯ ಮೇಲೆ ಕೊನೆಯವರೆಗೆ ನಡೆಸಿ ನೋಡಬೇಕು. ಅವರು ತಡವರಿಸಿದರೂ ಬರೆದವರು ಬಾಯಿ ಬಿಡುವಂತಿಲ್ಲ. ಅದಾದ ಮೇಲೆಯೇ ಪ್ರಕಟಣೆ. ಈ ಕೆಲಸಕ್ಕೆಂದೇ ನನ್ನ ಬಳಿ ಒಂದು ಪರೀಕ್ಷೆಯ ಪೆಟ್ಟಿಗೆ ಇತ್ತು. ಅದನ್ನು ನಮ್ಮ ಮನೆಯವರ ಹಳೆಯ ಊಟದ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ.

ಆ ಮಾರ್ಚಿನಲ್ಲಿ ತಂತ್ರಾಂಶದ ಹೊಸ ಆವೃತ್ತಿ ಬಂತು. ಹಳೆಯದು ತೇವ ಏರಿದಾಗ ಮೆಸೇಜು ಕಳಿಸುತ್ತಿತ್ತು. ಕೆಲಸದ ನಡುವೆ ಮೆಸೇಜು ಓದುವವರು ಯಾರು? ಹೊಸದು ನೇರವಾಗಿ ಫೋನ್ ಮಾಡಿ ಬಡಿದೆಬ್ಬಿಸುತ್ತದೆ. ಪಟ್ಟಿಯಲ್ಲಿ ಮೊದಲಿರುವ ನಂಬರಿಗೆ ಕರೆ ಹೋಗುತ್ತದೆ, ಅವರು ಎತ್ತದಿದ್ದರೆ ಹತ್ತು ನಿಮಿಷ ಬಿಟ್ಟು ಎರಡನೆಯವರಿಗೆ. ಬಿಜ್ಜರಗಿಯ ಒಬ್ಬ ಹೆಣ್ಣುಮಗಳು ಇದಕ್ಕಾಗಿ ದಿನಾ ಕೇಳುತ್ತಿದ್ದಳು. ಅವಳ ಗಂಡ ಮಣೂಕದ ಲಾರಿಯ ಹಿಂದೆ ಊರೂರು ತಿರುಗುವವನು. ಶೆಡ್ಡಿನ ಉಸ್ತುವಾರಿ ಪೂರ್ತಿ ಇವಳದೇ. ಹಿಂದಿನ ವರ್ಷ ಮೆಸೇಜು ನೋಡದೆ ಕೆಳಗಿನ ಎರಡು ಹಂತ ಕಳೆದುಕೊಂಡಿದ್ದಳು. ಈಗ ಅವಳ ಬಲೆಗಳೆಲ್ಲ ತುಂಬಿದ್ದವು. ನಾನು ಅವಳ ಮುಖ ನೋಡಿರಲಿಲ್ಲ, ಫೋನಿನಲ್ಲಷ್ಟೇ ಪರಿಚಯ.

"ಅಮ್ಮಾರ, ಮ್ಯಾಲ ಮೋಡ ಆಗಾಕತ್ತೇತ್ರಿ. ಆ ಹೊಸಾದು ಎಂದ ಬರ್ತದ?" ಎಂದು ಕೇಳುವಳು.

"ಇನ್ನೆರಡು ದಿನ ತಡಿ ಯವ್ವಾ. ಪುಟ ತಯಾರಾಗೇತಿ, ನಡಿಸಿ ನೋಡೂದು ಒಂದಽ ಉಳದೈತಿ" ಎನ್ನುತ್ತಿದ್ದೆ.

ಹಳೆಯದನ್ನು ತೆಗೆದು ಹೊಸದನ್ನು ಹಾಕಿಕೊಳ್ಳುವ ಪುಟವನ್ನು ಒಂಬತ್ತು ಹೆಜ್ಜೆಗಳಲ್ಲಿ ಬರೆದೆ. ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿದೆ. ನಿಜ ಹೇಳುತ್ತೇನೆ, ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಬಹಳ ಹೆಮ್ಮೆಯಾಗಿತ್ತು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ ಎಂದುಕೊಂಡೆ.

ಮೊದಲು ತಿಕೋಟಾಕ್ಕೆ ಹೋದೆ. ಮೋಟಾರು ಅಂಗಡಿಯವನು ಕೈ ಒರೆಸಿಕೊಂಡು ಕುರ್ಚಿ ಹಾಕಿದ, ಚಹಾ ತರಿಸಿದ. ಪುಟವನ್ನು ಮುಂದಿಟ್ಟುಕೊಂಡು ಪೆಟ್ಟಿಗೆಯನ್ನು ಫೋನಿಗೆ ಜೋಡಿಸಿದ. ನಡುವೆ ಒಮ್ಮೆ ಪೆನ್ನು ತೆಗೆದು ಅಂಗೈ ಮೇಲೆ ಏನೋ ಗೀಚಿಕೊಂಡ. ಯಾವುದೋ ಗಿರಾಕಿಯ ಮೋಟಾರಿನ ವಿಷಯವಿರಬೇಕು ಎಂದು ನಾನು ಸುಮ್ಮನಿದ್ದೆ. ಕಾಲು ಗಂಟೆಯಲ್ಲಿ ಹಸಿರು ದೀಪ ಹತ್ತಿತು.

"ಭಾರಿ ಬರದೀರಿ ಅಕ್ಕೋರ. ಒಂದ ಮಾತ ತಗಿಯಂಗಿಲ್ಲ, ಒಂದ ಮಾತ ಹಾಕಂಗಿಲ್ಲ."

ರಾತ್ರಿ ಪೆಟ್ಟಿಗೆಗೆ ಹಳೆಯ ಆವೃತ್ತಿಯನ್ನೇ ಮತ್ತೆ ಹಾಕಿಟ್ಟು, ಮರುದಿನ ಬಬಲೇಶ್ವರಕ್ಕೆ ಹೋದೆ. ಅಲ್ಲಿಯವನೂ ನನ್ನ ವಿದ್ಯಾರ್ಥಿಯೇ, ಹನಿ ನೀರಾವರಿ ಪೈಪುಗಳ ಅಂಗಡಿ ಅವನದು. ಶಾಲೆಯಲ್ಲಿದ್ದಾಗಲೂ ಮೆತ್ತಗಿನ ಹುಡುಗ, ಈಗಲೂ ಹಾಗೆಯೇ. ಪ್ರತಿ ಹೆಜ್ಜೆಯ ಮುಂದೆ ಪೆನ್ಸಿಲ್ಲಿನಿಂದ ಸರಿ ಗುರುತು ಹಾಕಲು ಹೇಳಿ, ನಾನು ದಾರಿಯ ಕಡೆ ಮುಖ ಮಾಡಿ ಕುಳಿತೆ. ಮುಗಿದ ಮೇಲೆ ಹಾಳೆಯನ್ನು ಎರಡೂ ಕೈಯಿಂದ ಕೊಟ್ಟ.

"ಎಲ್ಲಾ ಬರೋಬ್ಬರಿ ಐತ್ರಿ ಅಕ್ಕೋರ. ನಿಮ್ಮ ಬರಹದಾಗ ಏನ ತಪ್ಪ ಇರ್ತದ?"

ಬಸ್ಸಿನಲ್ಲಿ ಬರುವಾಗ ನಾನು ಎಷ್ಟು ಖುಷಿಯಾಗಿದ್ದೆನೆಂದರೆ, ಪಕ್ಕದ ಸೀಟಿನ ಹೆಂಗಸಿಗೂ ಕೈಪಿಡಿಯ ಕತೆ ಹೇಳಿದೆ. ಮನೆಗೆ ಬಂದು ನಮ್ಮ ಯಜಮಾನರಿಗೆ ಆ ಹಾಳೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು.

"ಒಂಬತ್ತಕ್ಕ ಒಂಬತ್ತೂ ಸರಿನಾ? ನೀ ಬರದದ್ದ ತಪ್ಪ ಅಂತ ಹೇಳೂ ಧೈರ್ಯ ಅವರಿಗೆಲ್ಲಿಂದ ಬರಬೇಕು? ಲಗ್ನ ಆಗಿ ಇಷ್ಟ ವರ್ಷ ಆತು, ನನಗಽ ಬಂದಿಲ್ಲ" ಎಂದರು.

ನನಗೆ ಸಿಟ್ಟು ಬಂತು. ಹಾಳೆಯನ್ನು ಅವರ ಕೈಯಿಂದ ಕಸಿದುಕೊಂಡೆ. ಆಗಲೇ ಕಿಟಕಿಯ ಬೆಳಕಿನಲ್ಲಿ ಅದು ಕಣ್ಣಿಗೆ ಬಿತ್ತು. ಮೂರನೆಯ ಮತ್ತು ನಾಲ್ಕನೆಯ ಹೆಜ್ಜೆಯ ನಡುವೆ ಕಾಗದ ಸ್ವಲ್ಪ ಸವೆದಿತ್ತು. ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದವಳಿಗೆ ರಬ್ಬರು ಉಜ್ಜಿದ ಜಾಗ ಗೊತ್ತಾಗುವುದಿಲ್ಲವೇ? ಬೆಳಕಿಗೆ ಓರೆಯಾಗಿ ಹಿಡಿದೆ. ಅಳಿಸಿದರೂ ಒತ್ತು ಉಳಿದಿತ್ತು. "ಮೊದಲು ನಂಬರ್ ಬರೆದುಕೊಳ್ಳಬೇಕು."

ಹೊಸ ಆವೃತ್ತಿ ಒಳಗೆ ಬರುವಾಗ ಪೆಟ್ಟಿಗೆಯಲ್ಲಿದ್ದ ಫೋನ್ ನಂಬರುಗಳೆಲ್ಲ ಅಳಿಸಿಹೋಗುತ್ತವೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬರೆಯಲು ಮರೆತಿದ್ದೆ. ನಾಲ್ಕನೆಯ ಹೆಜ್ಜೆಯಲ್ಲಿ ಹೊಸದನ್ನು ತರುವ ಬಟನ್ ಒತ್ತಿರಿ ಎಂದು ಬರೆದಿದ್ದೆ, ಎಂಟನೆಯದರಲ್ಲಿ ನಂಬರುಗಳನ್ನು ಮತ್ತೆ ಹಾಕಿರಿ ಎಂದು ಬರೆದಿದ್ದೆ. ಮೊದಲೇ ಬರೆದಿಟ್ಟುಕೊಳ್ಳದವರು ಎಲ್ಲಿಂದ ಹಾಕಬೇಕು? ಬಿಜ್ಜರಗಿಯವಳ ಪೆಟ್ಟಿಗೆಗೆ ನಂಬರು ತುಂಬಿಕೊಟ್ಟವನು ಮೋಟಾರು ಅಂಗಡಿಯವನು, ಅದರಲ್ಲಿ ಯಾರ್ಯಾರ ನಂಬರಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಬಟನ್ ಒತ್ತಿದ್ದರೆ ಪೆಟ್ಟಿಗೆ ಮೂಕವಾಗಿ, ಮೇಲೆ ಮೋಡ ಬಂದು, ಮಣೂಕ ಅಷ್ಟೂ ತೊಯ್ದು ಹೋಗುತ್ತಿತ್ತು. ಅದೂ ನನ್ನ ಪುಟ ಓದಿ.

ಬಬಲೇಶ್ವರದವನಿಗೆ ಫೋನ್ ಹಚ್ಚಿದೆ. "ಬರದದ್ದನ್ನ ಯಾಕ ಅಳಸೀಪಾ?"

"ನಿಮ್ಮ ಬರಹದ ನಡುವ ನಾ ಕೈ ಹಾಕೂದು ಚಲೋ ಕಾಣ್ಲಿಲ್ರಿ ಅಕ್ಕೋರ. ನಂಬರ್ ನನ್ನ ಫೋನಿನ್ಯಾಗ ಬರ್ಕೊಂಡ ಮುಂದ ಹೋದ್ನಿರಿ. ಕೆಲಸ ಆತಲ್ರಿ?"

ತಿಕೋಟಾದವನನ್ನು ಕೇಳಿದರೆ ಅವನೂ ಅದೇ ರಾಗ. ಅಂಗೈ ಮೇಲೆ ಗೀಚಿಕೊಂಡದ್ದು ನಂಬರುಗಳನ್ನೇ. "ಅದು ಎಲ್ಲಾರಿಗೂ ಗೊತ್ತಿರೂದಽ ಅಂತ ನೀವು ಬಿಟ್ಟೀರಿ ಅನ್ಕೊಂಡೆ ಅಕ್ಕೋರ."

ಇಬ್ಬರಿಗೂ ಬೈದೆ. ಬೈದು ಫೋನ್ ಇಟ್ಟ ಮೇಲೆ ನನಗೊಂದು ಹಳೆಯ ದಿನ ನೆನಪಾಯಿತು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಅಕ್ಕೋರ, ಅಲ್ಲಿ ಮೈನಸ್ ಆಗ್ಬೇಕಲ್ರಿ?" ಎಂದಿದ್ದಳು. ನಾನು ಸೀಮೆಸುಣ್ಣವನ್ನು ಅವಳ ಕಡೆ ಚಾಚಿ, "ಬಾ, ಇನ್ನ ನೀನಽ ಕಲಸು" ಎಂದೆ. ತರಗತಿಯೆಲ್ಲ ನಕ್ಕಿತು. ಹುಡುಗಿ ಹೇಳಿದ್ದು ಸರಿಯಿತ್ತು, ನಾನು ಹಾಗೆಂದು ಹೇಳಲಿಲ್ಲ. ಅವಳು ಮತ್ತೆ ಕೈ ಎತ್ತಿದ್ದು ನಾನು ನೋಡಲಿಲ್ಲ. ಈ ಇಬ್ಬರೂ ಆ ದಿನ ಅಲ್ಲಿ ಕುಳಿತಿದ್ದರೋ ಇಲ್ಲವೋ ತಿಳಿಯದು. ಕುಳಿತಿದ್ದರೆ ಪಾಠ ಚೆನ್ನಾಗಿಯೇ ತಲೆಗೆ ಹತ್ತಿರಬೇಕು. ನನಗೆ ನಾಚಿಕೆಯಾಯಿತು.

ನನಗೆ ಬೇಕಾದದ್ದು ನನ್ನಿಂದ ಎಂದೂ ಬೈಸಿಕೊಳ್ಳದವರು. ಪುಟ ತಿದ್ದಿ, ನಂಬರು ಬರೆದುಕೊಳ್ಳುವ ಹೆಜ್ಜೆಯನ್ನು ಮೂರರ ನಂತರ ಸೇರಿಸಿ, ಬೆಳಗಿನ ಬಸ್ಸಿಗೆ ತಿಕೋಟಾ ದಾಟಿ ಬಿಜ್ಜರಗಿಗೆ ಹೋದೆ. ಆ ಹೆಣ್ಣುಮಗಳು ಶೆಡ್ಡಿನ ಮುಂದೆಯೇ ನಿಂತಿದ್ದಳು. ಮೂವತ್ತೈದರ ಆಸುಪಾಸು, ತಲೆಯ ಮೇಲೆ ಸೆರಗು, ಸೊಂಟದಲ್ಲಿ ಸಿಕ್ಕಿಸಿದ ಫೋನು. ಅವಳ ಹಿಂದೆ ಬಲೆಗಳ ತುಂಬ ಹಸಿರು ಕಳೆದು ಹಳದಿಗೆ ತಿರುಗಿದ ದ್ರಾಕ್ಷಿ. ಮನೆಯ ಮುಂದಿನ ಕಟ್ಟೆಯ ಮೇಲೆ ಅವಳ ಮಾವ ಯಾರೊಡನೆಯೋ ಮಾತಾಡುತ್ತ ಕುಳಿತಿದ್ದರು.

ದಾರಿಯಲ್ಲೇ ಒಂದು ಉಪಾಯ ಮಾಡಿಕೊಂಡಿದ್ದೆ. "ಇದನ್ನ ಯಾರೋ ಬರದಾರ ಯವ್ವಾ. ನನಗೂ ಸರಿಯಾಗಿ ತಿಳಿವಲ್ದು. ನೀ ಇದರಾಗ ಬರದಷ್ಟ ಮಾಡು. ತಿಳೀಲಿಲ್ಲಂದ್ರ ಬೈಯಿ" ಎಂದೆ.

ಬೈಯಲು ಅವಳಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಪರೀಕ್ಷೆಯ ಪೆಟ್ಟಿಗೆಯನ್ನು ಕಂಬಕ್ಕೆ ಕಟ್ಟಿ, ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. "'ತದನಂತರ ಸಂಪರ್ಕ ಕಲ್ಪಿಸಿ' ಅಂತ! ಹಿಂಗ ಯಾರ ಮಾತಾಡ್ತಾರ್ರಿ? ಜೋಡಿಸ್ರಿ ಅಂತ ಬರಿಯಾಕ ಏನಾಗಿತ್ತ ಇವರಿಗೆ?" ಎಂದಳು. "'ದೀಪವು ಸ್ಥಿರಗೊಂಡಾಗ' ಅಂತ. ದೀಪ ಮಿಣಮಿಣ ಅನ್ನೂದ ಬಿಟ್ಟ ಮ್ಯಾಲ ಅನ್ಬಾರ್ದ?" ನಾನು ಹೂಂ ಹೂಂ ಎನ್ನುತ್ತ ಚೀಟಿಯಲ್ಲಿ ಗುರುತು ಮಾಡಿಕೊಂಡೆ. ಒಂದೊಂದು ಮಾತೂ ಚುಚ್ಚುತ್ತಿತ್ತು, ಒಂದೊಂದೂ ಸರಿಯಿತ್ತು.

ನಂಬರು ಬರೆದುಕೊಳ್ಳುವ ಹೆಜ್ಜೆ ದಾಟಿದಳು. ಬಟನ್ ಒತ್ತಿದಳು. ನಂಬರು ಮತ್ತೆ ತುಂಬುವ ಹೆಜ್ಜೆಗೆ ಬಂದು ಓದಿದಳು: "ಶೆಡ್ಡಿನ ಮಾಲೀಕರ ನಂಬರನ್ನು ಮೊದಲು ಹಾಕಿ, ಉಳಿದವರದನ್ನು ಅದರ ಕೆಳಗೆ." ತನ್ನ ಮನೆಯ ನಂಬರುಗಳನ್ನು ತುಂಬಿದಳು. ಎಲ್ಲ ಮುಗಿದ ಮೇಲೆ ಪರೀಕ್ಷೆ ಮಾಡಬೇಕಲ್ಲ, ಒದ್ದೆ ಬಟ್ಟೆಯೊಂದನ್ನು ಪೆಟ್ಟಿಗೆಗೆ ಸುತ್ತಿದೆವು. ಒಳಗೆ ತೇವ ಏರಿತು. ಕೆಂಪು ದೀಪ ಹತ್ತಿತು. ಕರೆ ಹೋಯಿತು.

ಫೋನು ಬಡಿದುಕೊಂಡದ್ದು ಮನೆಯೊಳಗೆ. ಗೋಡೆಯ ಗೂಟಕ್ಕೆ ತೂಗುಹಾಕಿದ ಮಾವನ ಕೈಚೀಲದಲ್ಲಿ. ಅದು ಬಡಿಯಿತು, ಬಡಿಯಿತು, ನಿಂತಿತು. ಮತ್ತೊಮ್ಮೆ ಬಡಿದು ನಿಂತಿತು. ಕಟ್ಟೆಯ ಮೇಲಿನ ಮಾವನಿಗೆ ಕೇಳಿಸಲೇ ಇಲ್ಲ, ಅವರು ಮಾತು ಮುಂದುವರಿಸಿದ್ದರು. ಹತ್ತು ನಿಮಿಷ ನಾವಿಬ್ಬರೂ ಮಣೂಕದ ನಡುವೆ ಕಾಯುತ್ತ ನಿಂತಿದ್ದೆವು. ಆಮೇಲೆ ಅವಳ ಸೊಂಟದ ಫೋನು ಬಡಿಯಿತು.

"ಇಷ್ಟೊತ್ತಿಗೆ ಎಲ್ಲಾ ತೊಯ್ದ ಹೋಗಿರ್ತಿತ್ತು" ಎಂದಳು. ಧ್ವನಿಯಲ್ಲಿದ್ದ ಚೇಷ್ಟೆ ಪೂರ್ತಿ ಹೋಗಿತ್ತು.

ಸುಮ್ಮನಿರಬೇಕೆಂಬ ನಿಯಮ ಮುರಿದು ಕೇಳಿಯೇಬಿಟ್ಟೆ. "ಮಾವಾರ ನಂಬರ್ ಮೊದ್ಲ ಯಾಕ ಹಾಕಿದಿ?"

"ಮಾಲಕರು ಅವರಽ ಅಲ್ರಿ? ಹಿರ್ಯಾರ ಇರೂ ಮನ್ಯಾಗ ಅವರದ ಬಿಟ್ಟ ನಂದ ಮೊದ್ಲ ಹಾಕಿದ್ರ ಹೆಂಗ ಕಾಣ್ತದ? ಇಲ್ಲಿ ಯಾರ ಮನ್ಯಾಗೂ ಹಂಗ ಮಾಡಂಗಿಲ್ಲ."

"ತಾಡಪತ್ರಿ ಇಳಸಾಕ ಓಡೂದು ಯಾರು?"

"ನಾನಽ."

ಲಗ್ನಪತ್ರಿಕೆಯಿಂದ ಹಿಡಿದು ಕರೆಂಟಿನ ಬಿಲ್ಲಿನವರೆಗೆ ಎಲ್ಲೆಲ್ಲೂ ಹಿರಿಯರ ಹೆಸರೇ ಮೊದಲಿರುವ ಸೀಮೆ ಇದು. ಇಲ್ಲಿಯ ಶೆಡ್ಡುಗಳ ಮಾಲೀಕರಲ್ಲಿ ಹೆಚ್ಚಿನವರು ಶೆಡ್ಡಿಗೆ ಓಡುವ ವಯಸ್ಸಿನವರಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ನಾನು, ಹೊರಗಿನವರು ಯಾರೋ ಬರೆದಂತೆ ಆ ಸಾಲು ಬರೆದಿದ್ದೆ. ನನ್ನ ಇಬ್ಬರು ವಿದ್ಯಾರ್ಥಿಗಳು ಅಲ್ಲ, ಇಪ್ಪತ್ತು ವಿದ್ಯಾರ್ಥಿಗಳು ಅಂಗಡಿಯಲ್ಲಿ ಕುಳಿತು ನಡೆಸಿ ನೋಡಿದ್ದರೂ ಇದು ಸಿಗುತ್ತಿರಲಿಲ್ಲ. ಶೆಡ್ಡಿನಲ್ಲೇ ನಿಂತು, ಆ ಮನೆಯ ಸೊಸೆಯೇ ಮಾಡಿ ನೋಡಬೇಕಾಗಿತ್ತು.

"ಓಡಿ ಹೋಗಿ ತಾಡಪತ್ರಿ ಇಳಸಾವರ ನಂಬರ್ ಮೊದ್ಲ ಅಂತ ಬರದ್ರ ಹಾಕ್ತಿಯೇನು?"

ಅವಳು ಕಟ್ಟೆಯ ಕಡೆ ನೋಡಿದಳು. ದನಿ ತಗ್ಗಿಸಿದಳು. "ಬರದಿದ್ರ ಹಾಕ್ತೀನ್ರಿ. ನಾನಾಗಿ ಹಾಕ್ಕೊಂಡ್ರ ದೊಡ್ಡಸ್ತನ ಆಗ್ತದ. ಪುಟದಾಗ ಬರದಾರ ಅಂದ್ರ ಯಾರ ಏನ ಅಂತಾರ?"

ಅಲ್ಲೇ ಮೂಟೆಯೊಂದರ ಮೇಲೆ ಕುಳಿತು ಆ ಸಾಲು ತಿದ್ದಿದೆ. ಅವಳಿಂದಲೇ ಮತ್ತೊಮ್ಮೆ ಓದಿಸಿದೆ. ಹೊರಡುವಾಗ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

"ಬರದಾಕಿ ನೀವಽ ಹೌದಿಲ್ರಿ? ನಾ ಒಂದೊಂದ ತಪ್ಪ ಹಿಡದಾಗೂ ನಿಮ್ಮ ಮಾರಿ ಕೆಂಪಗ ಆಗಾಕತ್ತಿತ್ತು."

ಸುಳ್ಳು ಹೇಳಿ ಸಿಕ್ಕಿಬಿದ್ದರೂ ನನಗೆ ಬೇಸರವಾಗಲಿಲ್ಲ. ಇಬ್ಬರೂ ನಕ್ಕೆವು. ಅವಳು ಒಂದು ಬೊಗಸೆ ಮಣೂಕವನ್ನು ನನ್ನ ಚೀಲದೊಳಗೆ, ಪೆಟ್ಟಿಗೆಯ ಪಕ್ಕದಲ್ಲೇ ಸುರಿದಳು.

ತಿದ್ದಿದ ಪುಟವನ್ನು ಇಬ್ಬರು ವಿದ್ಯಾರ್ಥಿಗಳಿಗೂ ಮತ್ತೆ ಕಳಿಸಿ, ಮೂರಾದರೂ ತಪ್ಪು ಹಿಡಿಯದಿದ್ದರೆ ನಿಮ್ಮ ಅಂಗಡಿಗೆ ಕಾಲಿಡುವುದಿಲ್ಲ ಎಂದು ಹೆದರಿಸಿದೆ. ಬಬಲೇಶ್ವರದ ಮೆತ್ತಗಿನವನು ನಾಲ್ಕು ಕಳಿಸಿದ. ಅದರಲ್ಲಿ ಎರಡನ್ನು ನಾನು ಒಪ್ಪಲಿಲ್ಲ, ಅವನು ಬಿಡಲಿಲ್ಲ, ಫೋನಿನಲ್ಲೇ ಅರ್ಧ ಗಂಟೆ ಜಗಳವಾಡಿದೆವು. ಒಪ್ಪಿದ್ದನ್ನು ತಿದ್ದಿ, ಇಬ್ಬರೂ ಪೆಟ್ಟಿಗೆಯ ಮೇಲೆ ಮತ್ತೆ ಕೊನೆಯವರೆಗೆ ನಡೆಸಿ ನೋಡಿದ ಮೇಲೆ, ಮರುದಿನ ಮಧ್ಯಾಹ್ನ ಪುಟ ಪ್ರಕಟವಾಯಿತು. ಸಂಜೆಯೊಳಗೆ ಬಿಜ್ಜರಗಿಯವಳು ತನ್ನ ಪೆಟ್ಟಿಗೆಗೆ ಹೊಸದನ್ನು ಹಾಕಿಕೊಂಡಳು.

ಐದನೆಯ ದಿನ ಮೂರು ಗಂಟೆಯ ಹೊತ್ತಿಗೆ ವಿಜಯಪುರದಲ್ಲಿ ಧೂಳೆದ್ದಿತು. ಪಡುವಣ ದಿಕ್ಕು ಕಪ್ಪಾಯಿತು. ತಿಕೋಟಾದ ಕಡೆಯ ಮೋಡ ಅದು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳಿಗೆ ಫೋನ್ ಮಾಡಿ ಎಚ್ಚರಿಸೋಣ ಎಂದುಕೊಂಡೆ. ಅಷ್ಟರಲ್ಲೇ ಪೆಟ್ಟಿಗೆ ಕರೆ ಮಾಡಿ, ಅವಳ ಫೋನು ನನ್ನ ಮಾತಿನಿಂದಲೇ ತೆರವಿಲ್ಲದಿದ್ದರೆ? ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟೆ. ಒಣಗಿದ ಬಟ್ಟೆ ತಂದೆ, ಮಡಿಚಿದೆ, ಬಿಚ್ಚಿದೆ, ಮತ್ತೆ ಮಡಿಚಿದೆ.

ನಾಲ್ಕೂವರೆಗೆ ಅವಳೇ ಫೋನ್ ಮಾಡಿದಳು.

"ಅಮ್ಮಾರ, ಉಳದಾವ್ರಿ! ಒಂದ ಕಾಳ ಸೈತ ತೊಯ್ದಿಲ್ಲ. ಫೋನ್ ಬಂದಾಗ ರೊಟ್ಟಿ ಬಡಿಯಾಕತ್ತಿದ್ನಿ. ಹಿಟ್ಟಿನ ಕೈಲೇ ಓಡಿ ನಾಕೂ ಕಡೆ ಇಳಿಸಿದ್ನಿ. ಕಡೀ ತಾಡಪತ್ರಿ ಕಟ್ಟೂದ್ರಾಗ ಮಳಿ ಬಂತು." ಒಂದು ಉಸಿರು ಎಳೆದುಕೊಂಡಳು. "ಆದ್ರ ಇಲ್ಲಿ ಮಾವಾರು ಕೇಳಾಕತ್ತಾರ್ರಿ, ಮನಿ ಹಿರ್ಯಾ ನಾನು, ಪೆಟಿಗಿ ನನಗ್ಯಾಕ ಫೋನ್ ಮಾಡ್ಲಿಲ್ಲ ಅಂತ. ಅದನ್ನ ನೀವಽ ಹೇಳ್ರಿ."

ನಾನು ಬೇಡ ಎನ್ನುವುದರೊಳಗೆ ಫೋನು ಅವರ ಕೈಗೆ ಹೋಗಿತ್ತು. ತಗಡಿನ ಮೇಲೆ ಮಳೆ ಬೀಳುವ ಸಪ್ಪಳ ಕೇಳಿಸುತ್ತಿತ್ತು.

"ಕಾಕಾರ, ಅದು ನಂದ ಕೆಲಸ್ರಿ" ಎಂದೆ. "ಯಾರ ಓಡಿ ಹೋಗಿ ತಾಡಪತ್ರಿ ಇಳಸ್ತಾರ, ಅವರ ನಂಬರ್ ಮೊದ್ಲ ಹಾಕ್ರಿ ಅಂತ ಬರದಾಕಿ ನಾನಽ. ನಿಮ್ಮ ಸೊಸಿದ ಏನೂ ತಪ್ಪಿಲ್ರಿ."

"ನಾ ಕಟ್ಟಿ ಮ್ಯಾಲ ಕುಂತ ನೋಡಾಕತ್ತಿದ್ನವಾ" ಎಂದರು ಮಾವ. "ಆಕಿ ಓಡಿದ್ದ ನೋಡಿದೆ. ನನಗ ಫೋನ್ ಬಂದಿದ್ರ ಚಪ್ಪಲ ಹುಡಕೂದ್ರಾಗ ಎಲ್ಲಾ ಮುಗದ ಹೋಗ್ತಿತ್ತು. ನೀ ಬರದದ್ದ ಬರೋಬ್ಬರಿ ಐತಿ."

ಆಮೇಲೆ ಫೋನು ಬಾಯಿಂದ ಸರಿಸಿ, ಮಳೆಯ ಸಪ್ಪಳದ ಮೇಲೆ ಅವರು ಶೆಡ್ಡಿನ ಕಡೆಗೆ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಏ ಯವ್ವಾ, ಕೇಳಿದ್ಯಾ? ನಂದ ಎರಡನೇದ ಇರ್ಲಿ. ನಿಂದಽ ಮೊದ್ಲ."